ಕಲ್ಲು ಕೇಳದ ಡ್ರೈವರು

ನಮ್ಮ ಮನೆಯ ಮುಂಬಾಗಿಲಿಗೆ ಒಂದು ಕಲ್ಲು ಇಟ್ಟಿದ್ದೇವೆ, ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದು. ಶಹಾಬಾದಿನಲ್ಲಿ ಬಾಗಿಲಿಗೆ ಕಲ್ಲು ಇಡುವುದು ದೊಡ್ಡ ಸುದ್ದಿಯೇನಲ್ಲ ಬಿಡಿ. ನಮ್ಮಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಹಳೆಯ ಮನೆಗಳಲ್ಲಿ ಚಾವಣಿಯೂ ಕಲ್ಲು. ಬಟ್ಟೆ ಒಗೆಯುವುದಕ್ಕೂ ಕಲ್ಲು, ಸಂಜೆ ಕೂತು ಪಕ್ಕದ ಮನೆಯವರ ಸುದ್ದಿ ಆಡುವುದಕ್ಕೂ ಕಲ್ಲು. ಆದರೆ ಈ ಕಲ್ಲು ಬೇರೆ. ಮೊಳಕ್ಕಿಂತ ಗಿಡ್ಡ, ಒಂದು ತುದಿ ದಪ್ಪ, ಇನ್ನೊಂದು ತುದಿಗೆ ಬರುತ್ತಾ ತೆಳುವಾಗಿ ಇಳಿಯುತ್ತದೆ. ಆ ಇಳಿಜಾರಿನ ಮುಖ ಸದಾ ಬಾಗಿಲಿಗೆ ಒತ್ತಿಕೊಂಡು, ಯಾರಿಗೂ ಕಾಣದಂತೆ ಇರಬೇಕು. ಮನೆ ಒರೆಸಲು ಬರುವ ಶಾಂತಮ್ಮ ದಿನವೂ ಅದನ್ನು ತಿರುಗಿಸಿಡುತ್ತಾಳೆ, ನಾನು ದಿನವೂ ಮತ್ತೆ ಮೊದಲಿನಂತೆ ಮಾಡುತ್ತೇನೆ.

"ಟೀಚರ್, ಈ ಕಲ್ಲಿಗಿ ನಾಚಿಕಿ ಏನ್ರಿ? ಮಾರಿ ಯಾಕ ಮುಚ್ಚಿಡ್ತೀರಿ?" ಎಂದು ಮೊನ್ನೆ ಕೇಳಿಯೇಬಿಟ್ಟಳು.

ನಾನು ನಕ್ಕು ದಾರಿ ಬಿಟ್ಟೆ. ಅವಳಿಗೆ ಇನ್ನೂ ಎರಡು ಕೋಣೆ ಒರೆಸುವುದಿತ್ತು. ನಿಮಗೆ ಅಂಥ ಅವಸರವೇನೂ ಇಲ್ಲವೆಂದು ನಂಬಿ ಹೇಳುತ್ತಿದ್ದೇನೆ.

ಕಲ್ಲು ನಮ್ಮ ಕಾಕಾನದು. ಕಾಕಾ ಎಂದರೆ ನಮ್ಮಪ್ಪನ ತಮ್ಮ, ಶರಣಪ್ಪ. ವಯಸ್ಸು ಎಪ್ಪತ್ತು ದಾಟಿದೆ. ನಮ್ಮೂರ ಖಣಿಗಳ ಕಲ್ಲನ್ನು ಊರೂರಿಗೆ ಸಾಗಿಸುವ ಲಾರಿಗಳ ಮೇಲೆ ಮೂವತ್ತು ವರ್ಷ ಕ್ಲೀನರ್ ಆಗಿದ್ದವರು. ಕ್ಲೀನರ್ ಎಂದು ಈಗ ಬರೆಯುತ್ತೇನೆ. ನಮ್ಮ ಓಣಿಯಲ್ಲಿ ಎಲ್ಲರೂ ಅನ್ನುತ್ತಿದ್ದದ್ದು "ಕಿನ್ನರ". ಶರಣಪ್ಪ ಎಲ್ಲಿ, ಕಿನ್ನರ ಕೆಲಸಕ್ಕೆ ಹೋಗ್ಯಾನ. ನಾಲ್ಕನೇ ಇಯತ್ತೆಯಲ್ಲಿ ನಮ್ಮ ಗುರುಗಳು ಯಕ್ಷರು, ಗಂಧರ್ವರು, ಕಿನ್ನರರು ಎಂದು ಪಾಠ ಮಾಡುತ್ತಾ, ಕಿನ್ನರರು ದೇವಲೋಕದವರು, ಬೆಟ್ಟಗಳ ಮೇಲೆ ಹಾಡುತ್ತಾ ಇರುತ್ತಾರೆ ಎಂದರು. ನಾನು ಎದ್ದು ನಿಂತು, "ಗುರುಗಳ, ನಮ್ಮ ಕಾಕಾನೂ ಕಿನ್ನರ ಅದಾನ್ರಿ, ಆದ್ರ ಹಾಡೋದಿಲ್ರಿ, ಬೀಡಿ ಸೇದತಾನ" ಎಂದೆ. ಆ ವರ್ಷವೆಲ್ಲ ನನ್ನನ್ನು ಕಿನ್ನರರ ಹುಡುಗಿ ಎಂದು ಕರೆದರು. ಕಾಕಾನಿಗೆ ಹೇಳಿದರೆ ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಖರೇನೇ ಹೇಳಿ ಬಿಡು" ಎಂದರು.

ಡ್ರೈವರ್ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು. "ಗಾಡಿ ನಡಸಾವಗ ರಸ್ತೆ ಒಂದೇ ಫಿಕರ್. ನನಗ ಗಾಡಿ ಪೂರಾ ಫಿಕರ್" ಎನ್ನುತ್ತಾರೆ. ಆ ಪೂರಾ ಫಿಕರಿನ ಮುಖ್ಯ ಸಾಮಾನೇ ಈ ಕಲ್ಲು. ತುಂಬಿದ ಲಾರಿ ಚಡಾವು ಹತ್ತುವಾಗ ಕ್ಲೀನರ್ ಕೆಳಗೆ ಜಿಗಿದು, ಕಲ್ಲು ಹಿಡಿದುಕೊಂಡು ಹಿಂದಿನ ಗಾಲಿಯ ಬೆನ್ನಿಗೇ ನಡೆಯಬೇಕು. ಲಾರಿಗೆ ಉಸಿರು ಕಟ್ಟಿತೋ, ಡ್ರೈವರ್ ಕಿಟಕಿಯಿಂದ "ಕಲ್ಲ!" ಎಂದು ಕೂಗುತ್ತಾನೆ. ಆ ಕೂಗು ಮುಗಿಯುವುದರೊಳಗೆ ಕಲ್ಲು ಗಾಲಿಯ ಕೆಳಗಿರಬೇಕು. ಇಲ್ಲದಿದ್ದರೆ ಗಾಡಿ, ಮಾಲು, ಮನುಷ್ಯರು ಎಲ್ಲ ಹಿಂದಕ್ಕೆ.

ಹೀಗಾಗಿ ಕಾಕಾನ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿಯ ಡ್ರೈವರುಗಳು. ಕಲ್ಲು ಕೇಳುವವರು, ಕಲ್ಲು ಕೇಳದವರು. ಮೂವತ್ತು ವರ್ಷದಲ್ಲಿ ಅವರು ಕಂಡ ಎರಡನೇ ಜಾತಿಯವರು ಇಬ್ಬರೇ: ನಾಲವಾರದಾವ ಒಬ್ಬ, ಗುಂಡಗುರ್ತಿಯಾವ ಒಬ್ಬ. ಇದು ನಮ್ಮ ಮನೆಯ ಮಾತೇ ಆಗಿಹೋಗಿದೆ. ಮದುವೆಯೊಂದು ಜಗಳವಿಲ್ಲದೆ ಮುಗಿದರೆ, "ಕಲ್ಲು ಕೇಳಲಿಲ್ಲ." ನಾನು ಮೆಟ್ರಿಕ್ ಪಾಸಾದಾಗ ಕಾಕಾ ಓಣಿಗೆಲ್ಲ ಹೇಳಿಕೊಂಡು ಬಂದದ್ದೂ ಅದೇ, "ನಮ್ಮ ನಿಮ್ಮಿ ಕಲ್ಲ ಕೇಳಲಾರದೇ ಪಾಸ್ ಆದ್ಳು."

ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕಾಕಾನ ಮೈ ಲಾರಿಯಿಂದ ಇಳಿದಿಲ್ಲ. ಕುರ್ಚಿ ಕೊಟ್ಟರೆ ಅರ್ಧ ಕುರ್ಚಿಯ ಮೇಲೆ ಕೂಡುತ್ತಾರೆ, ಬೆನ್ನು ಒರಗಿಸುವುದಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಲ್ಲುತ್ತಾರೆ. ತೊಟ್ಟಿಲು, ಮೇಜು, ಗ್ಯಾಸಿನ ಸಿಲಿಂಡರು, ಯಾವುದು ಕಂಡರೂ ಬುಡಕ್ಕೆ ಏನಾದರೊಂದು ತುಂಡು ಸಿಕ್ಕಿಸಿ ಅಲುಗಾಡಿಸಿ ನೋಡಿದ ಮೇಲೆಯೇ ಅವರಿಗೆ ಸಮಾಧಾನ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಇಪ್ಪತ್ತು ವರ್ಷದಿಂದ ಹತ್ತನೇ ತರಗತಿಗೆ ಉನ್ನತ ಕೋನ, ಅವನತ ಕೋನ ಕಲಿಸುತ್ತಿದ್ದೇನೆ. ಗೋಪುರದ ಬುಡದಿಂದ ಇಷ್ಟು ದೂರದಲ್ಲಿ ನಿಂತ ಮನುಷ್ಯ ತುದಿಯನ್ನು ನೋಡಿದಾಗ, ಇತ್ಯಾದಿ. ಆದರೆ ನಲವತ್ತೆಂಟನೇ ವಯಸ್ಸಿನಲ್ಲಿ ಕಾರು ಕಲಿತು ರೈಲು ಹಳಿ ದಾಟುವ ಬ್ರಿಜ್ಜಿನ ಏರಿನ ಮೇಲೆ ನಿಂತಾಗ ಆ ಕೋನಗಳು ಒಂದೂ ನನ್ನ ನೆರವಿಗೆ ಬರಲಿಲ್ಲ. ಮುಂದೆ ಬಸ್ಸು ನಿಂತಿತು, ನಾನೂ ನಿಂತೆ, ಮತ್ತೆ ಹೊರಟಾಗ ಬಸ್ಸು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ. ಹಿಂದಿದ್ದ ಆಟೋದವನು ನನ್ನ ಹಳೆಯ ವಿದ್ಯಾರ್ಥಿ. ತಲೆ ಹೊರಗೆ ಹಾಕಿ, "ಟೀಚರ್, ಮುಂದ ಹೊಂಟೀರೋ ಹಿಂದ ಹೊಂಟೀರೋ, ಮೊದ್ಲು ಹೇಳಿಬಿಡ್ರಿ!" ಎಂದು ಕೂಗಿದ. ಅವನಿಗೆ ಲೆಕ್ಕದಲ್ಲಿ ಮೂವತ್ತೈದು ಕೊಟ್ಟು ಪಾಸು ಮಾಡಿದವಳು ನಾನೇ. ಅಂದಿನಿಂದ ಬ್ರಿಜ್ಜು ಬಿಟ್ಟು ಮೂರು ಕಿಲೋಮೀಟರು ಸುತ್ತಿ ರೈಲ್ವೆ ಗೇಟಿನ ದಾರಿಯಿಂದ ಶಾಲೆಗೆ ಹೋಗಲು ಶುರುಮಾಡಿದೆ.

ನಮ್ಮ ಕಡೆಯವರಿಗೆ ಏರು ಅಂದರೆ ಗೊತ್ತೂ ಇಲ್ಲ, ಅದನ್ನೂ ಹೇಳಬೇಕು. ತೊಗರಿ ಹೊಲ ಚಾಪೆ ಹಾಸಿದಂತೆ ಕಣ್ಣು ಹರಿಯುವವರೆಗೆ ಸಪಾಟು. ಗುಡ್ಡದ ಚಿತ್ರ ಬರೆಯಿರಿ ಎಂದರೆ ನಾವು ಖಣಿಯ ಹೊರಗೆ ಸುರಿದ ಕಲ್ಲಿನ ಚೂರಿನ ರಾಶಿ ಬರೆದು, ತುದಿಯಲ್ಲಿ ಒಂದು ಲಾರಿ ನಿಲ್ಲಿಸುತ್ತಿದ್ದೆವು. ಇಂಥ ನಾಡಿನಲ್ಲಿ ನಿಜವಾದ ಗುಡ್ಡ, ನಿಜವಾದ ಕಾಡು, ತಿರುವಿನ ಮೇಲೆ ತಿರುವಿನ ರಸ್ತೆ ಇರುವುದು ಚಿಂಚೋಳಿಯ ಆಚೆ, ಕುಂಚಾವರಂ ದಾರಿಯಲ್ಲಿ. ಅದು ಅಭಯಾರಣ್ಯ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತಂದು ತೋರಿಸುವವರೇ. ನನಗೆ ಫೋಟೋದ ರಸ್ತೆ ನೋಡಿದರೂ ಎಡಗಾಲು ಕ್ಲಚ್ ಹುಡುಕುತ್ತಿತ್ತು.

ಹೋದ ದಸರೆಯ ರಜೆಯಲ್ಲಿ ಕಾಕಾನ ಮನೆಗೆ ಹೋಗಿದ್ದೆ. ಮಾತಿಗೆ ಕೇಳಿದೆ.

"ಕಾಕಾ, ಜಹೀರಾಬಾದ ಟ್ರಿಪ್ಪಿಗಿ ನೀವು ಕುಂಚಾವರಂ ಘಾಟಿನ ಮ್ಯಾಲೇ ಹೋಗ್ತಿದ್ರಿ ಅಲ್ಲ. ಹ್ಯಾಂಗದ ಅದು?"

ಕಾಕಾ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಮೊದ್ಲು ಬಲಕ ತಿರುಗ್ತದ. ಮುಂದ ಎಡಕ. ಮೂರನೇ ತಿರುವು ಭಾಳ ಖರಾಬ್, ಅಲ್ಲಿ ಎಲ್ಲಾರೂ ಕಲ್ಲ ಕೇಳ್ತಾರ."

"ಅದಲ್ಲ ಕಾಕಾ, ನೋಡ್ಲಿಕ್ಕಿ ಹ್ಯಾಂಗದ? ಗುಡ್ಡ, ಗಿಡ, ನವಿಲು?"

"ಅದೆಲ್ಲ ಯಾರ ನೋಡ್ಯಾರ ಮಗಳ? ನನ್ನ ಕಣ್ಣು ಗಾಲಿ ಮ್ಯಾಲ. ಘಾಟ್ ಅಂದ್ರ ನನಗ ಗಾಲೀನೇ."

"ಮತ್ತ ಇಳಿಯೂವಾಗ?"

"ಇಳಿಯೂವಾಗ ಬಾಗಿಲಿಗಿ ಜೋತು ಬಿದ್ದು ಬ್ರೇಕಿನ ವಾಸನಿ ನೋಡ್ತಿದ್ದೆ. ಸುಟ್ಟ ವಾಸನಿ ಬಂದ್ರ ಹೇಳಬೇಕಲ್ಲ."

ಕಾಕಿ ಒಳಗಿನಿಂದ ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಒಂದು ಗುಡ್ಡ ಹತ್ತಿಳಿದ ಮನುಷ್ಯ ಆ ಗುಡ್ಡವನ್ನು ನೋಡಿಯೇ ಇಲ್ಲ! ಯೋಚಿಸುವುದರೊಳಗೆ ಬಾಯಿಂದ ಮಾತು ಹೊರಬಿತ್ತು.

"ನಾಳೆ ಹೋಗೂನು ಕಾಕಾ. ನೀವು ಸೀಟಿನ ಮ್ಯಾಲ ಕುಂತು ಘಾಟ್ ನೋಡಬೇಕು. ನಾ ನಡಸ್ತೀನಿ."

ಹೇಳಿದ ಮೇಲೆ ಬ್ರಿಜ್ಜು ನೆನಪಾಯಿತು. ಕಾಕಾ ಕೂತು ನೋಡಬೇಕಾದರೆ ನಾನು ಕಲ್ಲು ಕೇಳುವಂತಿಲ್ಲ. ನಾನು ಎಡವಿದರೆ ಅವರು ಜಿಗಿಯುತ್ತಾರೆ, ಜಿಗಿದರೆ ಮತ್ತೆ ಗಾಲಿಯನ್ನೇ ನೋಡುತ್ತಾರೆ. ಆ ರಾತ್ರಿ ನಮ್ಮ ಮನೆಗೆ ಬಂದು ಹಾಸಿಗೆಯಲ್ಲಿ ಎಡಗಾಲಿನಿಂದ ಚಾದರವನ್ನು ಎಷ್ಟು ಸಲ ಒತ್ತಿ ಬಿಟ್ಟೆನೋ, ನಮ್ಮ ಯಜಮಾನರು ಎದ್ದು ಬೇರೆ ಕೋಣೆಗೆ ಹೋದರು.

ಬೆಳಿಗ್ಗೆ ಕಾಕಾನ ಮನೆ ಮುಂದೆ ನಿಂತಾಗ, ಕಾರಿನ ಹತ್ತಿರ ಬಂದ ಅವರ ಕೈಯಲ್ಲಿ ಈ ಕಲ್ಲು.

"ಕಾರಿಗಿ ಹ್ಯಾಂಡ್ ಬ್ರೇಕ್ ಅದ ಕಾಕಾ, ಕಲ್ಲು ಯಾಕ?"

"ಅದು ಇರ್ಲಿ. ಇದೂ ಇರ್ಲಿ" ಎಂದು ಮುಂದಿನ ಸೀಟಿನ ಕೆಳಗೆ ಕಾಲ ಬಳಿ ಇಟ್ಟುಕೊಂಡು, ಅರ್ಧ ಸೀಟಿನ ಮೇಲೆ ಕೂತು, ಒಂದು ಕೈ ಬಾಗಿಲ ಹಿಡಿಕೆಗೆ ಹಾಕಿದರು. ಹಿಂದೆ ಕಾಕಿ, ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಮತ್ತು ವಾಂತಿ ಬಂದರೆ ಮೂಸಲು ಒಂದು ನಿಂಬೆಹಣ್ಣು. ಕಾಕಿ ವಾಡಿ ಬರುವುದರೊಳಗೇ ಅದನ್ನು ಮೂಸಲು ಶುರುಮಾಡಿದರು.

"ಇನ್ನ ಸಪಾಟ್ ರೋಡ್ ಅದ ಕಾಕಿ."

"ಇರ್ಲಿ ಬಿಡವ್ವ, ರೂಢಿ ಮಾಡ್ಕೊಳ್ಳಾಕತ್ತೀನಿ."

ವಾಡಿಯ ಸಿಮೆಂಟಿನ ಧೂಳು ದಾಟಿ, ಚಿತ್ತಾಪುರ ದಾಟಿ, ಗುಂಡಗುರ್ತಿಯಲ್ಲಿ ಕಾಕಾ ಕೈ ಎತ್ತಿ ಒಂದು ಓಣಿಗೆ ನಮಸ್ಕಾರ ಮಾಡಿದರು; ಕಲ್ಲು ಕೇಳದವರ ಪೈಕಿ ಒಬ್ಬನ ಮನೆ ಆ ಕಡೆಗಂತೆ. ಸುಲೇಪೇಟದಲ್ಲಿ ಚಹಾ, ಬಿಸಿ ಮಿರ್ಚಿ ಭಜಿ. ಚಿಂಚೋಳಿ ದಾಟುತ್ತಿದ್ದಂತೆ ನೆಲದ ಬಣ್ಣವೇ ಬದಲಾಯಿತು ನೋಡಿ! ಹುಟ್ಟಿದಾಗಿನಿಂದ ಕಂಡ ಕರಿ ಎರಿ ಮಣ್ಣು ಹಿಂದೆ ಉಳಿದು, ಕುಂಕುಮ ಚೆಲ್ಲಿದಂಥ ಕೆಂಪು ಮಣ್ಣು ಬಂತು. ಅರಣ್ಯದ ಫಲಕ ಬಂತು. ತೇಗದ ಮರಗಳು ರಸ್ತೆಯ ಎರಡೂ ಕಡೆಯಿಂದ ಬಾಗಿ ನೆರಳು ಹಾಕಿದವು. ಮಳೆಗಾಲ ಆಗಷ್ಟೇ ಮುಗಿದಿತ್ತು, ಎಲೆಯೊಂದೊಂದೂ ತೊಳೆದಿಟ್ಟ ಹಾಗೆ. ಬೇಲಿಯಂಚಿನಲ್ಲಿ ಸೀತಾಫಲದ ಕಾಯಿಗಳು ಹಣ್ಣಾಗಲು ಕಣ್ಣು ಬಿಟ್ಟಿದ್ದವು. ನನಗೆ ಖುಷಿ ತಡೆಯದೆ, "ಕಾಕಾ ನೋಡ್ರಿ! ಕಾಕಿ ನೋಡ್ರಿ!" ಎಂದು ಹೈಸ್ಕೂಲ್ ಟೀಚರೆಂಬುದನ್ನು ಮರೆತು ಕಿರುಚತೊಡಗಿದೆ. ಐವತ್ತು ವರ್ಷ ಹತ್ತಿರ ಬಂದವಳಿಗೆ ಇದೆಂಥ ಹುಚ್ಚು ಅಂತೀರಾ? ನಾನೇ ಕಾರು ನಡೆಸಿಕೊಂಡು ಬಂದು ಕಂಡ ಕಾಡು ಅದು.

ಮೊದಲ ತಿರುವು ಬಲಕ್ಕೆ. ಹತ್ತಿದೆ. ಎರಡನೆಯದು ಎಡಕ್ಕೆ. ಅದನ್ನೂ ಹತ್ತಿದೆ! ಕಾಕಾನ ಕಣ್ಣು ಆಗಲೂ ಪಕ್ಕದ ಕನ್ನಡಿಯಲ್ಲಿ ಹಿಂದಿನ ಗಾಲಿ ಹುಡುಕುತ್ತಿತ್ತು. ಮೂರನೇ ತಿರುವಿಗೆ ಬಂದೆ, ಅಲ್ಲಿ ಎಂಟು ಹತ್ತು ಎಮ್ಮೆಗಳು ರಸ್ತೆ ತುಂಬ ನಿಂತು ನಮ್ಮನ್ನೇ ನೋಡುತ್ತಿದ್ದವು. ಹಾರ್ನ್ ಹೊಡೆದರೆ ಅವಕ್ಕೆ ಕುತೂಹಲ ಹೆಚ್ಚಾಯಿತು. ನಿಂತೆ. ಎಮ್ಮೆ ಕಾಯುವ ಮುದುಕ ಬಂದು ತೆಲುಗಿನಲ್ಲಿ ಅವಕ್ಕೆ ಏನೋ ಬೈದು ದಾರಿ ಬಿಡಿಸಿದ. ನಾನು ಕ್ಲಚ್ ಬಿಟ್ಟೆ. ಕಾರು ಒಮ್ಮೆ ಕೊಸರಿ ಬಂದ್ ಬಿತ್ತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

"ಕಲ್ಲ! ಕಾಕಾ, ಕಲ್ಲ!"

ಆ ಕೂಗು ನನ್ನದೇ. ಎಲ್ಲಿತ್ತೋ, ಯಾರು ಕಲಿಸಿದ್ದೋ. ಆದರೆ ಪಕ್ಕದ ಸೀಟು ಆಗಲೇ ಖಾಲಿಯಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ ಬಾಗಿಲು ತೆಗೆದದ್ದು, ಇಳಿದದ್ದು ಯಾವುದೂ ಕಾಣಲಿಲ್ಲ. ಹಿಂದಿನ ಗಾಲಿ ಕರ್ ಎಂದು ಕಲ್ಲಿಗೆ ಒರಗಿ ನಿಂತದ್ದಷ್ಟೇ ಗೊತ್ತಾಯಿತು. "ಈಗ ಬಿಡವ್ವ!" ಎಂದು ಹಿಂದಿನಿಂದ ಹುಕುಂ ಬಂತು. ಕೀಲಿ ತಿರುಗಿಸಿ ಕ್ಲಚ್ ಬಿಟ್ಟೆ. ಕಾರು ಹೂಂಕರಿಸಿ ಮೇಲೆ ಹೋಯಿತು, ಹೋಗುತ್ತಲೇ ಇತ್ತು.

"ಏ ನಿಮ್ಮಿ, ಅವ್ರು ಉಳದ್ರು! ನಿಲ್ಲಿಸು!"

"ನಿಲ್ಲಿಸಿದ್ರ ಮತ್ತ ಹಿಂದ ಹೋಗ್ತದ ಕಾಕಿ!"

ಸಪಾಟು ಸಿಕ್ಕಿದ್ದು ತುದಿಯಲ್ಲೇ. ಅಲ್ಲಿ ಒಂದು ದೊಡ್ಡ ತೇಗದ ಮರದ ಕೆಳಗೆ ಕಾರು ನಿಲ್ಲಿಸಿ, ಅವಮಾನದಿಂದ ಕಿವಿ ಬಿಸಿಯಾಗಿ ಕೂತೆ. ಬಹಳ ಹೊತ್ತಿನ ಮೇಲೆ ಕಾಕಾ ಕಲ್ಲನ್ನು ಕಂಕುಳಿಗೆ ಇರುಕಿಕೊಂಡು, ನೆಲ ನೋಡುತ್ತಾ, ಮೊದಲಿನ ರೂಢಿಯಂತೆ ಏರು ಹತ್ತಿ ಬಂದರು. ಏದುಸಿರಿತ್ತು, ಮುಖ ಮಾತ್ರ ಅರಳಿತ್ತು.

"ಬರಾಬರ್ ಟೈಮಿಗಿ ಇಟ್ಟೆ ನೋಡು. ಕೈ ಇನ್ನ ಹೋಗಿಲ್ಲ ನಂದು" ಎಂದರು. ಆಮೇಲೆ ಕಾಕಿ ಕೊಟ್ಟ ನೀರು ಕುಡಿದು, ಸ್ವಲ್ಪ ಸಣ್ಣ ದನಿಯಲ್ಲಿ, "ಈ ಸಲನೂ ಗಾಲೀನೇ ನೋಡಿದ್ನಲ್ಲ" ಎಂದರು.

ಅವರು ಅದನ್ನು ನಗುತ್ತಲೇ ಅಂದರು. ಇಷ್ಟು ದೂರ ಕರೆದುಕೊಂಡು ಬಂದು ಮತ್ತೆ ಅದೇ ಗಾಲಿ ತೋರಿಸಿದೆನಲ್ಲ! ಎದ್ದು, ಕಾಕಾನ ಕೈಯಿಂದ ಕಲ್ಲು ಕಸಿದುಕೊಂಡು ತೇಗದ ಮರದ ಬುಡದಲ್ಲಿಟ್ಟೆ. ಯಾರೂ ಒಯ್ಯದಿರಲಿ ಎಂದು ಮೇಲೆ ಎರಡು ಎಲೆ ಮುಚ್ಚಿದೆ.

"ಕುಂದ್ರಿ. ಕೆಳಗ ಹೋಗಿ ಮತ್ತ ಹತ್ತೂನು."

"ನಿನಗ ಹುಚ್ಚ ಗಿಚ್ಚ ಹಿಡದದೇನು?" ಎಂದರು ಕಾಕಿ, ನಿಂಬೆಹಣ್ಣು ಮೂಗಿಗೆ ಒತ್ತಿಕೊಂಡೇ.

"ಕಲ್ಲಿಲ್ಲದ ಹ್ಯಾಂಗವ್ವ?" ಕಾಕಾನ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು.

"ಕಲ್ಲು ಕೇಳೂದಿಲ್ಲ ಕಾಕಾ. ಕುಂದ್ರಿ."

ಬುಡದವರೆಗೆ ಇಳಿದು, ಕಾರು ತಿರುಗಿಸಿ, ಒಂದು ದೀರ್ಘ ಉಸಿರು ತೆಗೆದುಕೊಂಡೆ. ಬಲಕ್ಕೆ. ಎಡಕ್ಕೆ. ಎಮ್ಮೆಗಳು ಕಾಡೊಳಗೆ ಹೋಗಿದ್ದವು, ದೇವರು ದೊಡ್ಡವನು ಅಂದುಕೊಂಡೆ. ಅಷ್ಟರಲ್ಲಿ ಅದೇ ಮೂರನೇ ತಿರುವಿನಲ್ಲಿ ಎದುರಿಗೆ ಒಂದು ಬಸ್ಸು ರಸ್ತೆ ತುಂಬಿಕೊಂಡು ಇಳಿದು ಬಂತು. ಬದಿಗೆ ಸರಿದು, ಏರಿನ ನಡುವೆ ಮತ್ತೆ ನಿಲ್ಲಲೇಬೇಕಾಯಿತು. ಹ್ಯಾಂಡ್ ಬ್ರೇಕ್ ಎಳೆದೆ. ಬಸ್ಸು ಹೋಯಿತು. ಕಾಕಾನ ಕೈ ಹಿಡಿಕೆಯನ್ನು ಒತ್ತಿತು, ಬಾಗಿಲು ಟಕ್ ಎಂದಿತು.

"ಕುಂದ್ರಿ ಕಾಕಾ!"

ಶಾಲೆಯ ದನಿ ಅದು, ಕೊನೇ ಬೆಂಚಿಗೂ ಮುಟ್ಟುವಂಥದ್ದು. ಕಾಕಾ ಬಾಗಿಲು ಮುಚ್ಚಿಕೊಂಡರು. ನಾನು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ, ಕಾರಿನ ಮೂತಿ ಮೇಲೆದ್ದು ನಡುಗಿತು, ಇನ್ನಷ್ಟು ಬಿಟ್ಟೆ, ಹ್ಯಾಂಡ್ ಬ್ರೇಕ್ ಇಳಿಸಿದೆ. ಒಂದು ಕ್ಷಣ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಮೇಲೆ ಹೊರಟಿತು, ಮುಂದಕ್ಕೆ! ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಅದು ಕಲಿತವರ ಬಾಯಲ್ಲಿ ಬರುವ ಮಾತಾಗಿರಲಿಲ್ಲ ಎಂದು ಕಾಕಿ ಇವತ್ತಿಗೂ ಹೇಳುತ್ತಾರೆ.

ನಾಲ್ಕನೇ ತಿರುವಿನಲ್ಲಿ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದೆ. ಕಾಕಾನ ಕೈ ಹಿಡಿಕೆಯನ್ನು ಬಿಟ್ಟು ತೊಡೆಯ ಮೇಲೆ ಬಂದಿತ್ತು. ಬೆನ್ನು ಸೀಟಿಗೆ ಒರಗಿತ್ತು. ಆ ಬೆನ್ನು ಯಾವುದಕ್ಕಾದರೂ ಒರಗಿದ್ದನ್ನು ನಾನು ಹುಟ್ಟಿ ಕಂಡದ್ದು ಅದೇ ಮೊದಲು. ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಕೆಳಗೆ ಗುಡ್ಡದ ಹಿಂದೆ ಗುಡ್ಡ, ಹಸಿರಿನ ಮೇಲೆ ಹಸಿರು, ನಾವು ಬಂದ ರಸ್ತೆ ಮರಗಳ ನಡುವೆ ಕಂಡು ಮರೆಯಾಗುತ್ತಾ, ದೂರದಲ್ಲಿ ಬಿಸಿಲಿಗೆ ಹೊಳೆಯುವ ಚಂದ್ರಂಪಳ್ಳಿಯ ನೀರು.

"ಇದೇನವ್ವ, ಇಲ್ಲಿ ಕೆರಿ ಅದ!"

"ಡ್ಯಾಮ್ ಕಾಕಾ. ಮೊದಲಿನಿಂದನೂ ಅದ."

ಕಾಕಾ ಕಿಟಕಿಗೆ ಹಣೆ ಹಚ್ಚಿ ಕೂತರು. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಅಳುತ್ತಾರೇನೋ ಎಂದು ನನಗೆ ಹೆದರಿಕೆ. ಒಮ್ಮೆಲೇ ಅವರು ಸಿಟ್ಟಿನಿಂದ ತೊಡೆ ಬಡಿದುಕೊಂಡರು.

"ಮೂವತ್ತು ವರ್ಷ! ಈ ಡ್ರೈವರ್ ಮಕ್ಕಳು ಒಬ್ಬರೂ ಹೇಳಲಿಲ್ಲ ನೋಡು ನನಗ, ಇಲ್ಲಿ ಇಷ್ಟೆಲ್ಲಾ ಅದ ಅಂತ! ತಾವಷ್ಟೇ ನೋಡ್ಕೋತ ಹೋದ್ರು!"

ಕಾಕಿ ಹಿಂದೆ ಉರುಳಾಡಿ ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣು ಒರೆಸಿಕೊಂಡೆ, ಒಂದು ಕೈ ಸ್ಟೇರಿಂಗಿನಿಂದ ತೆಗೆದದ್ದಕ್ಕೆ ಕಾಕಾನಿಂದ ಬೈಸಿಕೊಂಡೆ. ತುದಿಗೆ ಬಂದು ತೇಗದ ಮರದ ಕೆಳಗೆ ಗಂಟು ಬಿಚ್ಚಿ ರೊಟ್ಟಿ ತಿಂದೆವು. ಕಾಕಾ ಕಲ್ಲಿನ ಮೇಲೆ ಕೂತು, ಮರಕ್ಕೆ ಬೆನ್ನು ಕೊಟ್ಟು, ಕೆಳಗಿನ ಕಾಡು ನೋಡುತ್ತಾ, ಯಾವುದೋ ಭಜನೆಯ ಎರಡು ಸಾಲು ಗುನುಗಿದರು. ಅವರ ದನಿ ಚೆನ್ನಾಗಿಲ್ಲ. ಆದರೆ ಬೆಟ್ಟ ಇತ್ತು, ಹಾಡು ಇತ್ತು; ನನ್ನ ನಾಲ್ಕನೇ ಇಯತ್ತೆಯ ಗುರುಗಳು ಅಲ್ಲಿದ್ದರೆ ನಾನು ಎದ್ದು ನಿಂತು ತೋರಿಸುತ್ತಿದ್ದೆ.

"ಇನ್ನೊಮ್ಮೆ ಇಳದು ಹತ್ತೂನೇನು?" ಎಂದರು ಕಾಕಾ, ಕೈ ತೊಳೆದುಕೊಂಡು. ಹತ್ತಿದೆವು. ಈ ಸಲ ಕಾಕಿ ನಿಂಬೆಹಣ್ಣನ್ನು ಕಿಟಕಿಯಿಂದ ಹೊರಗೆ ಎಸೆದರು.

ಮರಳುವಾಗ ಸೇಡಂ ಮೇಲಿಂದ ಬಂದೆವು. ಸಪಾಟು ಹೊಲಗಳ ನಡುವೆ ಕಾಕಾ ಪೂರಾ ಸೀಟು ತುಂಬಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದರು.

ಮುಂದಿನ ಭಾನುವಾರ ಬಜಾರಿಗೆ ಹೋದಾಗ ಚಹಾದ ಅಂಗಡಿಯ ಮುಂದೆ ಕಾಕಾನ ದನಿ ಕೇಳಿ ನಿಂತೆ. ಹಳೆಯ ಲಾರಿಯವರು ನಾಲ್ಕೈದು ಮಂದಿ ಸುತ್ತ ಕೂತಿದ್ದರು.

"ಕುಂಚಾವರಂ ಘಾಟ್ ಅಂತೀರಿ, ಮೂರನೇ ತಿರುವು ಅಂತೀರಿ. ಎದುರಿಗಿ ಬಸ್ಸು! ನಮ್ಮ ನಿಮ್ಮಿ ಕಲ್ಲ ಕೇಳಲಿಲ್ಲ. ಎರಡು ಸಲ ಹತ್ತಿದ್ಳು, ಒಮ್ಮೆನೂ ಕೇಳಲಿಲ್ಲ. ನಾಲವಾರದಾವ ಒಬ್ಬ, ಗುಂಡಗುರ್ತಿಯಾವ ಒಬ್ಬ, ಮೂರನೇದಾಕಿ ನಮ್ಮಾಕಿ."

ನಾನು ಲೆಕ್ಕದ ಟೀಚರು. ಹತ್ತಿದ್ದು ಮೂರು ಸಲ. ಬಾಯಿಯವರೆಗೆ ಬಂದ ಮಾತನ್ನು ನುಂಗಿ, ಅವರಿಗೆ ಕಾಣದಂತೆ ಹಿಂದಕ್ಕೆ ಸರಿದೆ. ಆ ಸಂಜೆ ಬ್ರಿಜ್ಜಿನ ಮೇಲಿಂದಲೇ ಮನೆಗೆ ಹೋದೆ.

ಮರುದಿನ ಕಾಕಾ ಕಲ್ಲು ಹೊತ್ತುಕೊಂಡು ಬಂದರು. "ಬಾಗಿಲಿಗಿ ಇಡು. ನನಗ ಇನ್ನ ಇದರದು ಕೆಲಸಿಲ್ಲ" ಎಂದು ತಾವೇ ಇಟ್ಟರು. ಇಟ್ಟ ಮೇಲೆ ಬಗ್ಗಿ ನೋಡಿ, ಮತ್ತೆ ಎತ್ತಿ, ಇಳಿಜಾರಿನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ, ಕಾಲಿನಿಂದ ಒತ್ತಿ ಗಟ್ಟಿಮಾಡಿದರು. ಹೋಗುವಾಗ, "ಹೀಂಗೇ ಇರ್ಲಿ" ಎಂದು ಒತ್ತಿ ಹೇಳಿ ಹೋದರು.

ಅವರು ಓಣಿ ದಾಟಿದ ಮೇಲೆ ತಿರುಗಿಸಿ ನೋಡಿದೆ. ಬೂದುಬಣ್ಣದ ಕಲ್ಲಿನ ಮೇಲೆ ಮೊದಲ ಸಲ ಹತ್ತುವಾಗ ನನ್ನ ಕಾರಿನ ಟಾಯರು ಬಿಟ್ಟ ನಾಲ್ಕು ಬೆರಳಗಲದ ಕರಿ ಗೆರೆ, ಟಾಯರಿನ ಹಲ್ಲಿನ ಅಚ್ಚು ಸಮೇತ, ಸ್ಪಷ್ಟವಾಗಿತ್ತು. ತಿಕ್ಕಿದರೆ ಹೋಗುತ್ತಿತ್ತೇನೋ. ನಾನು ತಿಕ್ಕಲಿಲ್ಲ, ಕಾಕಾ ಇಟ್ಟಂತೆಯೇ ಮತ್ತೆ ಇಟ್ಟೆ. ಶಾಂತಮ್ಮ ಇವತ್ತೂ ತಿರುಗಿಸಿಟ್ಟು ಹೋಗಿದ್ದಾಳೆ, ಸಂಜೆ ಕಾಕಾ ಚಹಾಕ್ಕೆ ಬರುವವರಿದ್ದಾರೆ, ಎದ್ದು ಸರಿಮಾಡಬೇಕು.